ಕಾರು ಓಡದ ಪೆಟ್ಟಿಗೆ

ಆ ಪೆಟ್ಟಿಗೆಯಲ್ಲಿ ಕಾರು ಓಡಲಿಲ್ಲ. ನಮ್ಮೂರಿನ ಮಕ್ಕಳಿಗೆ ಬೇಕಾಗಿದ್ದುದು ಕಾರು, ಮಕ್ಕಳನ್ನು ಕಳಿಸುವ ಅಪ್ಪಂದಿರು ಕೇಳುತ್ತಿದ್ದುದೂ ಕಾರನ್ನೇ. ನನ್ನ ಮೊಮ್ಮಗಳ ಗಂಡ ತಂದ ಕಂಪ್ಯೂಟರಿನಲ್ಲಿ ಅದೊಂದು ಬಿಟ್ಟು ಮಿಕ್ಕದ್ದೆಲ್ಲ ಇತ್ತು.

ನಾನು ಮೂರನೆಯ ಕ್ಲಾಸಿಗೇ ಸ್ಲೇಟು ಒಡೆದು ತೋಟಕ್ಕೆ ಹೋದವಳು. ನಮ್ಮದು ಕಂಬಂ ಹತ್ತಿರ ದ್ರಾಕ್ಷಿ ತೋಟ. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು. ಎಷ್ಟು ತಲೆಮಾರಿನಿಂದ ಹೀಗೆ ಎಂದು ಕೇಳಿದರೆ ಹೇಳುವವರು ಯಾರೂ ಉಳಿದಿಲ್ಲ. ನನಗೆ ಒಬ್ಬನೇ ಮಗ, ಅವನು ಸತ್ತ. ಸೊಸೆ ಅವನಿಗಿಂತ ಮೊದಲೇ ಹೋಗಿದ್ದಳು. ಉಳಿದವಳು ಅವರ ಮಗಳು. ಅಪ್ಪನ ಅವ್ವನಿಗೆ ನಮ್ಮ ಕಡೆ ಅಪ್ಪತ್ತಾ ಎನ್ನುತ್ತಾರೆ. ಆ ಹುಡುಗಿಗೆ ಅಪ್ಪ, ಅವ್ವ, ಅಪ್ಪತ್ತಾ ಎಲ್ಲ ನಾನೇ. ಮುದ್ದು ಮಾಡಿ ಬೆಳೆಸಲಿಲ್ಲ. ಕತ್ತರಿ ಹಾಕದೆ ಬಿಟ್ಟ ಬಳ್ಳಿ ಎಲೆ ಬಿಡುತ್ತದೆ, ಗೊಂಚಲು ಬಿಡುವುದಿಲ್ಲ.

ಅವಳ ತಾಯಿಗೆ ಒಬ್ಬ ತಮ್ಮನಿದ್ದ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಮಾಮನದು. ಅವನು ತೇನಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ, ಕಾಯುತ್ತಲೂ ಇದ್ದ. ಹುಡುಗಿ ಮಾಮ ಬೇಡ ಅಂದಳು. ದಿಂಡಿಗಲ್ಲಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದೆ, ಅಲ್ಲಿ ಪಾಠ ಹೇಳುವವನನ್ನೇ ಕಟ್ಟಿಕೊಳ್ಳುತ್ತೇನೆ ಅಂದಳು. ವೇದಸಂದೂರಿನವನು, ನಮ್ಮ ಜನವೇ. ಅಪ್ಪ ಇಲ್ಲ, ಅವ್ವ ನೂಲಿನ ಮಿಲ್ಲಿಗೆ ಹೋಗುತ್ತಾಳೆ, ಜಮೀನು ಇಲ್ಲ. ನಾನು ಒಂದೇ ಮಾತು ಹೇಳಿದೆ: ಹುಡುಗಿ ಈ ಮನೆ ಬಿಟ್ಟು ಹೋಗುವುದಿಲ್ಲ, ಬೇಕಾದರೆ ಅವನು ಬರಲಿ. ಬಂದ. ಮನೆ ಅಳಿಯನಿಗೆ ಊರು ಎಷ್ಟು ಮರ್ಯಾದೆ ಕೊಡುತ್ತದೆ ಎಂದು ಗೊತ್ತಿದ್ದೇ ಬಂದ.

ಎರಡು ಸಾವಿರದ ಇಸವಿ ಹುಟ್ಟಿದ ದಿನ ಲೋಕದ ಕಂಪ್ಯೂಟರೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಜನ ಹೆದರಿಕೊಂಡಿದ್ದ ಕಾಲ ಅದು. ಇವನು ಬರುವಾಗ ಒಂದು ಟ್ರಂಕು, ಒಂದು ಕಂಪ್ಯೂಟರು ತಂದ. ನಮ್ಮ ಕಡೆಯ ಉಳಿದ ಕಂಪ್ಯೂಟರುಗಳಲ್ಲೆಲ್ಲ ವಿಂಡೋಸ್ ಇತ್ತು. ಅದನ್ನು ಅಂಗಡಿಯಿಂದ ಕೊಂಡು ತಂದವರನ್ನು ನಾನು ನೋಡಿಲ್ಲ. ಯಾರದೋ ಒಂದು ಸಿ.ಡಿ.ಯಿಂದ ಎಲ್ಲರೂ ಪಡಿಯಚ್ಚು ಮಾಡಿಕೊಂಡವರೇ. ಇವನು ಕದ್ದದ್ದು ಬೇಡ ಎನ್ನುವವನು. ಲಿನಕ್ಸ್ ಅಂತ ಇನ್ನೊಂದನ್ನು ಹಾಕಿದ್ದ. ಅದು ಧರ್ಮಕ್ಕೆ ಕೊಟ್ಟದ್ದು, ಯಾರು ಬೇಕಾದರೂ ಹಾಕಿಕೊಳ್ಳಬಹುದು ಎನ್ನುತ್ತಿದ್ದ.

"ಊರೆಲ್ಲ ಬೇಲಿ ಆರಿ ದ್ರಾಕ್ಷಿ ತಿನ್ನೋವಾಗ ನೀನೊಬ್ಬ ಗೇಟ್ ತಟ್ಟಿ ಕೇಳೋನು," ಎಂದೆ.

"ತೋಟ ನಿಮ್ದಾದ್ರೆ ತಟ್ಟಲೇಬೇಕಲ್ಲ ಅಪ್ಪತ್ತಾ," ಎಂದ.

ಆಗ ಅವನಿಗೆ ಬಾಯಿ ಇತ್ತು.

ನಮ್ಮ ಮನೆಯ ಮುಂದಿನ ಕೋಣೆ ಬಸ್ ರಸ್ತೆಗೆ ಬಾಗಿಲು ಇರುವುದು. ದ್ರಾಕ್ಷಿ ಪೆಟ್ಟಿಗೆಗಳನ್ನು ಅದರಲ್ಲಿ ಒಟ್ಟಿ, ದಿಂಡಿಗಲ್ ಬೀಗ ಹಾಕಿ, ಕೀಲಿಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದೆ. ಅವನು ಆ ಕೋಣೆ ಕೇಳಿದ. ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತೇನೆ ಅಂದ. ಕೋಣೆ ಸಿಕ್ಕರೆ ಅವನು ಮೇಷ್ಟ್ರು. ಸಿಗದಿದ್ದರೆ ನನ್ನ ತೋಟದಲ್ಲಿ ಮದ್ದು ಹೊಡೆಯುವ ಆಳು. ಇದು ಅವನಿಗೂ ತಿಳಿದಿತ್ತು, ಅವನ ಹೆಂಡತಿಗೂ ತಿಳಿದಿತ್ತು.

ಕೇಳಿದ ಕೂಡಲೇ ಕೊಡುವವಳಲ್ಲ ನಾನು. ಮಕ್ಕಳಿರುವ ಮನೆಗಳಲ್ಲಿ ವಿಚಾರಿಸಿದೆ. ಎಲ್ಲರೂ ಕೇಳಿದ್ದು ಒಂದೇ: "ಕಾರ್ ಐತಾ?" ತೇನಿಯಲ್ಲಿ ಮಾಮನ ಸೆಂಟರಿನಲ್ಲಿ ಕಾರಿನ ಪಂದ್ಯದ ಆಟವಿತ್ತು. ನಮ್ಮೂರಿನ ಮಕ್ಕಳು ಭಾನುವಾರ ಬಸ್ಸು ಹತ್ತಿ ಅದಕ್ಕಾಗಿ ಅಲ್ಲಿಗೆ ಹೋಗುತ್ತಿದ್ದವು. ಆಟಕ್ಕೆ ಬಂದ ಮಗು ಪಾಠಕ್ಕೂ ಕೂರುತ್ತದೆ, ಆಟ ಇಲ್ಲದಿದ್ದರೆ ಒಳಗೇ ಬರುವುದಿಲ್ಲ. ಇವನ ಲಿನಕ್ಸಿಗೆ ಅಂತಲೇ ಹುಟ್ಟಿದ ಆಟಗಳು ಬೆರಳೆಣಿಕೆಯಷ್ಟು. ಮೇಲಿನಿಂದ ಇಟ್ಟಿಗೆ ಬೀಳುವುದೊಂದು, ಇಸ್ಪೀಟೊಂದು, ಬಾಲ ಬೆಳೆಯುವ ಹಾವೊಂದು. ಪಕ್ಕದ ಮನೆಯ ಮಕ್ಕಳು ಬಂದು ನೋಡಿ, "ಇದು ಕೆಳವಿ ಆಡೋ ಆಟ," ಎಂದು ನನ್ನ ಕಡೆ ಕೈ ತೋರಿಸಿ ಓಡಿದವು. ಕೆಳವಿ ಎಂದರೆ ಮುದುಕಿ. ಸುಳ್ಳಲ್ಲ, ಇಸ್ಪೀಟನ್ನು ನಾನೇ ಆಡುತ್ತಿದ್ದೆ.

"ಕಾರು ಓಡಿಸು, ಕೀಲಿ ನಿಂದು," ಎಂದೆ ಅವನಿಗೆ.

ಅವನು ಮಧುರೆಗೆ ಹೋಗಿ ಆ ಆಟದ ಅಸಲಿ ಸಿ.ಡಿ.ಯನ್ನೇ ಕೊಂಡು ತಂದ. ಹಾಕಿದ. ಓಡಲಿಲ್ಲ. ಯಾಕೆ ಎಂದು ಕೇಳಿದರೆ ನನಗೆ ತಿಳಿಯುವ ಹಾಗೆ ಹೇಳಿದ: "ಆ ಆಟ ವಿಂಡೋಸ್‌ಗೆ ಅಂತ ಮಾಡಿದ್ದು ಅಪ್ಪತ್ತಾ. ಅದರ ಮಾತು ಲಿನಕ್ಸ್‌ಗೆ ತಿಳಿಯಲ್ಲ. ನಡುವೆ ಒಂದು ದುಬಾಸಿ ಪ್ರೋಗ್ರಾಮ್ ಕೂರಿಸ್ಬೇಕು. ಆ ದುಬಾಸಿಗೆ ಇನ್ನೂ ಅರ್ಧಂಬರ್ಧ ಮಾತೇ ಬರೋದು."

"ನಾವು ಸಂತೆಗೆ ಓಗೋವಾಗ ದುಬಾಸಿನ ಕರ್ಕೊಂಡು ಓಗ್ತೀವಾ? ನಾವೇ ತಮಿಳ್ ಕಲೀಲಿಲ್ವಾ? ನಿನ್ ಪೆಟ್ಟಿಗೆಗೆ ಏನ್ ಕೇಡು?"

ಅವನು ಮತ್ತೆ ಪೆಟ್ಟಿಗೆಯ ಕಡೆ ತಿರುಗಿದ. ಹಗಲೆಲ್ಲ ನಡುಮನೆಯಲ್ಲಿ ಅದರ ಮುಂದೆ ಕೂತಿರುತ್ತಿದ್ದ. ಕಾರಿನ ಜತೆ ಗುದ್ದಾಡಿ ಸಾಕಾದಾಗ ಪಾಠ ಬರೆಯುತ್ತಿದ್ದ. ಕೊಂಡು ತಂದ ಪಾಠಗಳೂ ಅದರಲ್ಲಿ ಓಡುವುದಿಲ್ಲವಲ್ಲ, ಅದಕ್ಕೇ ಲೆಕ್ಕ, ತಮಿಳು ಅಕ್ಷರ, ಟೈಪಿಂಗು ಎಲ್ಲಕ್ಕೂ ತಾನೇ ಬರೆದ. ಲೆಕ್ಕ ಸರಿಯಾದರೆ ಪರದೆಯ ಮೇಲೆ ಗಿಳಿ ಬಂದು ತಲೆ ಆಡಿಸುತ್ತಿತ್ತು. ತಪ್ಪಾದರೆ ಗಿಳಿ ಬೆನ್ನು ತಿರುಗಿಸುತ್ತಿತ್ತು. ನಾನು ಕೂಡ ಒಂದೆರಡು ಕೂಡಿಸಿ ನೋಡಿದೆ, ಗಿಳಿ ನನಗೆ ಬೆನ್ನು ತೋರಿಸಿತು. ಅವೆಲ್ಲ ಆ ಪೆಟ್ಟಿಗೆಯೊಳಗೆ ಮಾತ್ರ ಇದ್ದವು. ಬೇರೆ ಕಡೆ ಇಳಿಸಿಡಬೇಕು ಎನ್ನುತ್ತಿದ್ದ, ಇಳಿಸಿರಲಿಲ್ಲ.

ಅಷ್ಟರಲ್ಲಿ ಆಡಿ ತಿಂಗಳು ಬಂತು. ಕನ್ನಡ ಸೀಮೆಯಲ್ಲಿ ಆಷಾಢ ಎನ್ನುತ್ತಾರಂತೆ. ಮದುವೆಯಾದ ಮೊದಲ ಆಡಿಯಲ್ಲಿ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇರಬಾರದು. ಆಡಿಯಲ್ಲಿ ಬಸಿರಾದರೆ ಚಿತ್ತಿರೆ ತಿಂಗಳ ಸುಡುಬಿಸಿಲಿಗೆ ಹೆರಿಗೆ. ಮೊದಲ ದಿನ ಅಳಿಯನಿಗೆ ಹಬ್ಬದ ಊಟ ಹಾಕಿ, ಹೊಸ ಬಟ್ಟೆ ಕೊಟ್ಟು, ಹೆಣ್ಣನ್ನು ತವರಿನಲ್ಲಿ ಇಟ್ಟುಕೊಂಡು, ಗಂಡನ್ನು ಅವನ ಮನೆಗೆ ಕಳಿಸುವುದು ವಾಡಿಕೆ. ಆದರೆ ನಮ್ಮ ಮನೆಯಲ್ಲಿ ಗಂಡು ಇರುವುದೇ ಹೆಣ್ಣಿನ ತವರಿನಲ್ಲಿ. ತೋಟದ ಗುಡಿಸಿಲಲ್ಲಿ ಮಲಗಿಕೊಳ್ಳಲಿ ಬಿಡು ಎಂದರು ಕೆಲವರು. ನಾನು ಒಪ್ಪಲಿಲ್ಲ. ವಾಡಿಕೆ ಅಂದರೆ ವಾಡಿಕೆ, ಅವ್ವನ ಮನೆಗೆ ಹೋಗಲಿ ಎಂದೆ. ಆ ತಿಂಗಳು ಮಾತುಕತೆಯೂ ಕೂಡದು ಎಂದೆ. ಮಾತು ಕೂಡದು ಎನ್ನುವುದು ಎಲ್ಲ ಮನೆಯಲ್ಲೂ ಇಲ್ಲ. ನಮ್ಮ ಮನೆಯಲ್ಲಿ ನನ್ನತ್ತೆಯ ಕಾಲದಿಂದ ಉಂಟು.

ಆಡಿ ಊಟಕ್ಕೆ ನೆಂಟರೆಲ್ಲ ಬಂದರು. ಮಾಮನೂ ಬಂದ. ಹೆಣ್ಣು ಕೊಡದಿದ್ದರೂ ಮಾಮ ಮಾಮನೇ, ಕರೆಯದೆ ಬಿಡುವ ಹಾಗಿಲ್ಲ. ಎಲೆ ಹಾಕುವ ಮೊದಲು ನಾನೇ ಎಲ್ಲರ ಎದುರಿಗೆ ಹೇಳಿದೆ: "ಇವತ್ತು ಕಾರು ಓಡಿದ್ರೆ ಇವತ್ತೇ ಕೀಲಿ."

ಅಳಿಯ ಕೀಬೋರ್ಡಿನ ಮೇಲೆ ಏನೇನೋ ಬಡಿದ. ಪರದೆ ಕಪ್ಪಾಯಿತು. ಆಮೇಲೆ ಒಂದು ರಸ್ತೆ ಬಂತು, ನೇರಳೆ ಬಣ್ಣದ ಆಕಾಶ ಬಂತು, ಕಾರು ಬಂತು. ಎಲ್ಲರೂ ಮುಂದೆ ಬಾಗಿದರು. ಕಾರು ಒಂದು ಮೊಳ ಹೋಗಿ ನಿಂತಿತು, ಇನ್ನೊಂದು ಮೊಳ ಹೋಗಿ ನಿಂತಿತು. ಸದ್ದೇ ಇಲ್ಲ.

"ಏನ್ ಮಾಪಿಳ್ಳೆ, ಎತ್ತು ಕಟ್ಟೋಕೆ ಮರ್ತ್ಬುಟ್ರಾ?" ಎಂದ ಮಾಮ. ಅಳಿಯನನ್ನು ತಮಿಳಿನಲ್ಲಿ ಮಾಪಿಳ್ಳೆ ಎಂದು ಕರೆಯುವುದು ಗೌರವಕ್ಕೆ. ಅವನ ಬಾಯಲ್ಲಿ ಅದು ಗೌರವವಾಗಿರಲಿಲ್ಲ.

"ದುಬಾಸಿ ಪ್ರೋಗ್ರಾಮ್ ಸ್ವಲ್ಪ ನಿಧಾನ..." ಎಂದು ಇವನು ಶುರು ಮಾಡಿದ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದಳು ನನ್ನ ನಾದಿನಿ.

ಆಗಲೇ ಕಾರು ಮಾಯವಾಗಿ ಪರದೆಯ ತುಂಬ ಬಿಳಿ ಅಕ್ಷರ ಇರುವೆ ಎದ್ದ ಹಾಗೆ ಎದ್ದವು. ಮನೆ ತುಂಬ ನಗು. ನಕ್ಕವರಲ್ಲಿ ನನ್ನ ಮೊಮ್ಮಗಳೂ ಇದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಆದರೆ ಭುಜ ಕುಣಿಯುತ್ತಿತ್ತು. ಅವನು ಅದನ್ನು ನೋಡಿದ. ಮಾಮ ಅವನು ನೋಡಿದ್ದನ್ನು ನೋಡಿದ.

ನಾನು ಹೇಳಿದೆ: "ಎಲೆ ಆಕ್ರಿ, ಸಾರು ಆರ್ತದೆ. ಕಾರು ಬರೋ ಅಂಗಿಲ್ಲ. ಅಳಿಯ ಬಸ್ಸಲ್ಲೇ ಓಗ್ಲಿ."

ಮತ್ತೆ ನಕ್ಕರು. ಅವನು ಊಟಕ್ಕೆ ಕೂತ, ಬಡಿಸಿದ್ದನ್ನೆಲ್ಲ ತಿಂದ, ಹೊಸ ಪಂಚೆಯನ್ನು ಕಂಕುಳಲ್ಲಿ ಇಟ್ಟುಕೊಂಡ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ಒಯ್ಯುವುದು ಆಗದು ಎಂದು ಇಲ್ಲೇ ಬಿಟ್ಟ. ಬಸ್ಸಿನ ಹತ್ತಿರ ನಾನು ಹೇಳಿದೆ: "ಆಡಿ ಮುಗಿಸಿ ಬಾ, ಇನ್ನೊಂದ್ ಸಾರಿ ನೋಡಾಣ. ಆಗ್ಲೂ ಓಡ್ಲಿಲ್ಲ ಅಂದ್ರೆ ಮದ್ದಿನ್ ಡಬ್ಬ ಬೆನ್ನಿಗೆ ಆಕ್ಕೋ."

"ಸರಿ ಅಪ್ಪತ್ತಾ," ಎಂದ. ಹೆಂಡತಿಯ ಕಡೆ ತಿರುಗಲಿಲ್ಲ. ತಿರುಗಬಾರದು ಎಂದು ನಾನೇ ಹೇಳಿದ್ದೆ, ಆದರೆ ಅವನು ಅದಕ್ಕಾಗಿ ತಿರುಗದೆ ಇದ್ದದ್ದಲ್ಲ.

ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಅನ್ನುತ್ತಾರೆ ನಮ್ಮ ಕಡೆ. ಕುಮುಳಿ ಕಣಿವೆಯಿಂದ ಗಾಳಿ ಇಳಿದು ಬಂದು ಬಾಗಿಲು ಬಡಿಯುತ್ತಿತ್ತು. ಹುಡುಗಿ ಬಾಗಿಲು ಹಾಕಿಕೊಂಡು ಇಟ್ಟಿಗೆ ಬೀಳುವ ಆಟ ಆಡುತ್ತಿದ್ದಳು. ಬೀದಿಯ ಹೆಂಗಸರು ನೀರಿಗೆ ಹೋಗುವಾಗ ಕಿಟಕಿಯಲ್ಲಿ ಇಣುಕಿ, "ಏನ್ಡೀ, ಕಾರು ಬಂತಾ?" ಎಂದು ಕೇಳಿ ಹೋಗುವರು. ನಕ್ಕದ್ದು ಅವಳಿಗೆ ಚುಚ್ಚುತ್ತಿತ್ತೋ, ಬೀದಿಯವರು ನಗುವುದು ಚುಚ್ಚುತ್ತಿತ್ತೋ, ನಾನು ಕೇಳಲಿಲ್ಲ. ಒಂದು ದಿನ ಆಟ ನಿಲ್ಲಿಸಿ ಬಂದು ನಿಂತಳು.

"ಅಪ್ಪತ್ತಾ, ಅವರ್ಗೆ ಒಂದ್ ಪೋನ್ ಮಾಡ್ಲಾ? ವೇದಸಂದೂರಲ್ಲಿ ಅವರ ಬೀದಿ ಕಡೇಲಿ ಬೂತ್ ಐತೆ, ಕರೀತಾರೆ."

"ಇದು ಯಾವ ತಿಂಗ್ಳು?"

"ಕಂಪ್ಯೂಟರ್ ವಿಷಯ ಕೇಳೋಕೆ ಅಪ್ಪತ್ತಾ. ಒಂದೇ ಮಾತು."

"ಯಾವ ತಿಂಗ್ಳು ಅಂತ ಕೇಳ್ದೆ."

"ಆಡಿ," ಎಂದು ಹೇಳಿ ಒಳಗೆ ಹೋದಳು.

ಅದಾದ ಮೇಲೆ ಅವಳು ಮಾಮನಿಗೆ ಹೇಳಿ ಕಳಿಸಿದಳು. ನನ್ನನ್ನು ಕೇಳಲಿಲ್ಲ, ನಾನೂ ತಡೆಯಲಿಲ್ಲ. ಅವನು ತೇನಿಯಿಂದ ಮಲ್ಲಿಗೆ ಹೂವು, ಒಂದು ಚೀಲದ ತುಂಬ ಸಿ.ಡಿ. ಹಿಡಿದುಕೊಂಡು ಬಂದ. ಬಂದವನೇ ಅವಳ ಗಂಡನ ಕುರ್ಚಿಯಲ್ಲಿ ಕಾಲು ಚಾಚಿ ಕೂತ.

"ಮಾಮಾ, ಇದ್ರಲ್ಲಿ ಕಾರ್ ಓಡೋ ಅಂಗೆ ಮಾಡ್ಕೊಡ್ತೀಯಾ?"

"ಈ ಲಿನಕ್ಸ್ ಇದ್ರೆ ಆಗಲ್ಲ. ಬಳ್ದು ಆಕಿ ಬೇರೆ ಊಡ್ಬೇಕು."

"ಇದನ್ನೂ ಇಟ್ಟು, ಅದನ್ನೂ ಪಕ್ಕದಲ್ಲಿ ಇಡ್ಬೋದು ಅಂತ ಅವರು ಒಂದ್ಸಾರಿ ಅಂದಿದ್ರು."

"ಒಂದ್ ಒರೆಗೆ ಎರಡ್ ಕತ್ತಿ ಕೂರ್ತದಾ?" ಎಂದ ಅವಳ ಮುಖವನ್ನೇ ನೋಡುತ್ತ. ಎರಡನ್ನೂ ಇಡಬಹುದಿತ್ತು ಎಂದು ಆಮೇಲೆ ಯಾರೋ ನನಗೆ ಹೇಳಿದರು. ಅವನಿಗೆ ಅದು ಗೊತ್ತಿಲ್ಲದೆ ಇರುವುದಿಲ್ಲ.

"ಅದ್ರಲ್ಲಿ ಪಾಠ ಐತೆ ಮಾಮಾ. ಅವರು ಬರ್ದಿದ್ದು."

"ಪಾಠ ನನ್ ಚೀಲದಲ್ಲಿ ಬೇಕಾದಷ್ಟು ಐತೆ. ಬಣ್ಣ, ಸಂಗೀತ, ಎಲ್ಲಾ ಬರ್ತದೆ. ಕೂತ್ಕೊಂಡು ಯಾರ್ ಬರೀತಾರೆ ಈ ಕಾಲ್ದಲ್ಲಿ?"

ಸಿ.ಡಿ. ಹಾಕಿದ. ಏನೇನೋ ಮಾಡಿದ. ಕಡೆಗೆ ಪರದೆಯ ಮೇಲೆ ಒಂದು ಪ್ರಶ್ನೆ ಬಂದು ನಿಂತಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಕುರ್ಚಿಯಿಂದ ಎದ್ದ.

"ಇನ್ನು ನೀನೇ ಒತ್ತು. ಇದೊತ್ತಿದ್ರೆ ಇರೋದೆಲ್ಲ ಓಗ್ತದೆ. ನಾಳೆ ನಿನ್ ಗಂಡ ನನ್ ಕೇಳ್ಬಾರ್ದು."

"ನೀನೇ ಒತ್ತು ಮಾಮಾ."

"ನಂಗೆ ಏನ್ ಹಕ್ಕು?" ಎಂದ. ಆ ಮಾತಿಗಾಗಿಯೇ ಅವನು ತೇನಿಯಿಂದ ಬಂದಿದ್ದ.

ಹುಡುಗಿ ನನ್ನ ಕಡೆ ನೋಡಿದಳು. ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ.

"ನನ್ಯಾಕ್ ನೋಡ್ತೀಯೆ? ಕಾರು ಬೇಕಾ, ಬೇಡ್ವಾ?"

ಒತ್ತಿದಳು. ಒಂದು ಬೆರಳು ಸಾಕಾಯಿತು. ಕೋಳಿ ಕುಯ್ಯುವುದಕ್ಕೂ ಇದಕ್ಕಿಂತ ಹೆಚ್ಚು ಕೈ ಬೇಕು.

ಹೊತ್ತು ಇಳಿಯುವ ಮೊದಲು ಕಾರು ಓಡಿತು. ಆಕಾಶ ನೀಲಿ ಇತ್ತು. ಟೈರು ಕಿರುಚುವುದು, ಇಂಜಿನ್ನು ಗುಡುಗುವುದು ಬೀದಿಯ ಕಡೆಯ ಮನೆಗೂ ಕೇಳಿತು. ಮಕ್ಕಳು ಬಾಗಿಲು ಒಡೆಯುವ ಹಾಗೆ ಬಂದು ಬಿದ್ದವು. ಆವತ್ತಿನಿಂದ ಆಡಿ ಮುಗಿಯುವ ತನಕ ನನ್ನ ನಡುಮನೆ ಸಂತೆಯಾಗಿತ್ತು. ನೀರಿಗೆ ಹೋಗುವ ಹೆಂಗಸರು ಈಗ ಇಣುಕಿ ನೋಡಿ ಸುಮ್ಮನೆ ಹೋಗುತ್ತಿದ್ದರು. ಹುಡುಗಿ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಗಂಡ ಬರುವ ದಿನ ಕಾಯತೊಡಗಿದಳು.

ಆಡಿ ಕಳೆದು ಆವಣಿ ತಿಂಗಳು ಹುಟ್ಟಿದ ಮೊದಲ ದಿನ ಅವನು ಬತ್ತಲಗುಂಡಿನ ಕಡೆಯ ಬಸ್ಸಿನಲ್ಲಿ ಬಂದಿಳಿದ. ಆಡಿಗೆ ಬಂದಿದ್ದ ನೆಂಟರಲ್ಲಿ ಅರ್ಧ ಜನ ಮತ್ತೆ ಬಂದಿದ್ದರು, ಮಾಮನೂ ಇದ್ದ. ಇವನು ಚಪ್ಪಲಿ ಬಿಡುವಾಗಲೇ ಇಂಜಿನ್ನಿನ ಸದ್ದು ಕೇಳಿ ತಲೆ ಎತ್ತಿದ. ಮಕ್ಕಳು ದಾರಿ ಬಿಟ್ಟವು. ಹುಡುಗಿ ಪೆಟ್ಟಿಗೆಯ ಪಕ್ಕ ಹೊಸ ಸೀರೆ ಉಟ್ಟು ನಿಂತಿದ್ದಳು. ನಾನು ಸೊಂಟದಿಂದ ಕೀಲಿ ತೆಗೆದು ಚಾಚಿದೆ.

"ಓಡ್ತು. ತಗೋ. ಕೋಣೆ ನಿಂದು."

ಅವನು ಕೀಲಿ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಕಾರನ್ನು ನಿಲ್ಲಿಸಿದ. ಮಕ್ಕಳು ಹೋ ಎಂದು ಕೂಗಿದವು. ಏನನ್ನೋ ಹುಡುಕಿದ, ಅಲ್ಲಿ ಇಲ್ಲಿ ಒತ್ತಿದ. ಹುಡುಕುವುದಕ್ಕೆ ಏನೂ ಇಲ್ಲ ಎಂದು ಅವನಿಗೆ ಬಾಗಿಲಲ್ಲೇ ಗೊತ್ತಾಗಿತ್ತು ಎಂದು ನನ್ನ ಎಣಿಕೆ, ಆದರೂ ಹುಡುಕಿದ.

"ಪಾಠ ಎಲ್ಲಿ?" ಎಂದು ಹೆಂಡತಿಯನ್ನು ಕೇಳಿದ.

"ನಿಮ್ಗೆ ಕೋಣೆ ಸಿಗ್ಲಿ ಅಂತ್ಲೇ..."

"ಒಂದ್ ಮಾತು ಕೇಳ್ಬೋದಿತ್ತಲ್ಲ."

"ಆಡೀಲಿ ಎಂಗೆ ಕೇಳ್ಲಿ? ಅಪ್ಪತ್ತಾ ಬಿಡ್ಲಿಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು.

"ಆಡಿ ನಾನ್ ಮಾಡಿದ್ದಾ?" ಎಂದೆ.

ಮಾಮ ಗೋಡೆಗೆ ಒರಗಿಕೊಂಡು, "ನಾನ್ ಮುಟ್ಲಿಲ್ಲಪ್ಪ. ಅವಳೇ ಒತ್ತಿದ್ಲು. ಕೇಳಿ ಬೇಕಾದ್ರೆ," ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ಅಳಿಯ ದನಿ ತಗ್ಗಿಸಿ ಹೆಂಡತಿಗೆ ಹೇಳಿದ. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು. "ಬತ್ತಲಗುಂಡು ಬಸ್ ಸ್ಟ್ಯಾಂಡ್ ಅತ್ರ ಒಂದ್ ರೂಮ್ ನೋಡ್ಬಂದೆ. ಅಲ್ಲೊಂದ್ ಸ್ಕೂಲ್ನೋರು, ಪಾಠ ತಂದು ತೋರ್ಸಿ, ಸರಿಯಾಗಿದ್ರೆ ಮಕ್ಕಳ್ನೆಲ್ಲ ಕಳಿಸ್ತೀವಿ ಅಂದ್ರು. ಆಟ ಇಲ್ದಿದ್ರೇನೇ ಒಳ್ಳೇದು ಅಂದ್ರು. ನಿನ್ನೂ ಪೆಟ್ಟಿಗೇನೂ ಕರ್ಕೊಂಡು ಓಗೋಕೆ ಬಂದೆ."

"ಓಗಾಣ ನಡೀರಿ," ಎಂದಳು ಹುಡುಗಿ. "ಈಗ್ಲೇ ಓಗಾಣ."

"ಏನ್ ತೋರ್ಸೋದು ಅಲ್ಲಿ? ಕಾರಾ?"

"ಮತ್ತೆ ಬರೀರಿ. ನಾನೂ ಕೂತ್ಕೋತೀನಿ."

ಅವನು ಅವಳನ್ನು ಒಂದು ಸಾರಿ ನೋಡಿದ. ಬೈಯುವ ನೋಟವಲ್ಲ. ದಿಂಡಿಗಲ್ ಕ್ಲಾಸಿನಲ್ಲಿ ಎಷ್ಟು ಹೇಳಿದರೂ ಬಾರದ ಮಕ್ಕಳನ್ನು ಹಾಗೆ ನೋಡುತ್ತಿದ್ದನೇನೋ.

ನನ್ನ ಮೊಮ್ಮಗಳನ್ನು ನನ್ನ ಮನೆಯಿಂದ ಕರೆದೊಯ್ಯಲು ಅವನು ಬಂದಿದ್ದ ಎನ್ನುವುದು ನನಗೆ ಆಗ ತಿಳಿಯಿತು. ಕೈ ಹಿಂದಕ್ಕೆ ತೆಗೆಯಲಿಲ್ಲ. ಕೀಲಿಯನ್ನು ಇನ್ನೂ ಮುಂದಕ್ಕೆ, ಅವನ ಎದೆಗೆ ತಾಗುವ ಹಾಗೆ ಚಾಚಿದೆ. ನೆಂಟರು ನೋಡುತ್ತಿದ್ದರು. ತೆಗೆದುಕೊಂಡ.

ಸೆಂಟರ್ ಚೆನ್ನಾಗಿ ನಡೆಯಿತು. ದ್ರಾಕ್ಷಿ ಪೆಟ್ಟಿಗೆಗಳಿಗೆ ಹಿತ್ತಲಲ್ಲಿ ಚಪ್ಪರ ಹಾಕಿಸಿದೆ. ಬೀದಿಯ ಮಕ್ಕಳೆಲ್ಲ ಬಂದವು, ಕೂಡಲೂರಿನಿಂದಲೂ ಬಂದವು. ಮಾಮ ವಾರಕ್ಕೊಮ್ಮೆ ಹೊಸ ಸಿ.ಡಿ.ಗಳನ್ನು ತಂದು, ಕುರ್ಚಿಯಲ್ಲಿ ಕೂತು, "ಮಾಪಿಳ್ಳೆ, ಒಂದ್ ಟೀ," ಎನ್ನುವನು. ಮಾಪಿಳ್ಳೆ ಎದ್ದು ಹೋಗಿ ಟೀ ತರುವನು. ಆ ಸಿ.ಡಿ.ಗಳನ್ನು ಇವನೇ ಪಡಿಯಚ್ಚು ಮಾಡಿ ಕೇಳಿದವರಿಗೆ ಕೊಡುವುದನ್ನೂ ಕಲಿತ. ಕದ್ದದ್ದು ಎನ್ನುವ ಮಾತು ಅವನ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. ನಾನು ಏನಾದರೂ ಚುಚ್ಚಿದರೆ, "ಸರಿ ಅಪ್ಪತ್ತಾ" ಎನ್ನುತ್ತಿದ್ದ. ಜಗಳಕ್ಕೆ ಸಿಗದ ಅಳಿಯ ಮನೆಗೆ ಒಳ್ಳೆಯವನು. ಜನ ಅವನನ್ನು ಹೊಗಳಿದರು, ನಾನೂ ಹೊಗಳಿದೆ.

ಹುಡುಗಿ ಮಾತ್ರ ಆಟ ಬಿಟ್ಟಳು. ಕೋಣೆಯ ಕಡೆಗೇ ಹೋಗುತ್ತಿರಲಿಲ್ಲ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಒಂದು ಮಧ್ಯಾಹ್ನ, ಮಕ್ಕಳು ಶಾಲೆಯಲ್ಲಿದ್ದಾಗ, ಗಂಡನನ್ನು ಊಟಕ್ಕೆ ಕರೆಯಲು ಹೋದಳು. ನಾನು ಕೋಣೆಯ ಹೊರಗೆ ಜಗಲಿಯ ಮೇಲೆ ಇದ್ದೆ.

"ಆ ಲಿನಕ್ಸ್ ಸಿ.ಡಿ. ಟ್ರಂಕಲ್ಲೇ ಐತೆ," ಎಂದಳು. "ಒಂದರ ಪಕ್ಕ ಒಂದು ಇಡ್ಬೋದಂತಲ್ಲ. ಆಕ್ರಿ. ಪಾಠ ಮೊದ್ಲಿಂದ ಬರೀರಿ. ನಂಗೂ ಕಲಿಸ್ರಿ."

ಅವನು ಮೌಸಿನ ಉಂಡೆ ತೆಗೆದು ಬಟ್ಟೆಯಲ್ಲಿ ಒರೆಸುತ್ತಿದ್ದ. ಒರೆಸುವುದನ್ನು ನಿಲ್ಲಿಸಲಿಲ್ಲ.

"ಯಾಕೆ? ಇದ್ರಲ್ಲಿ ಎಲ್ಲಾ ಓಡ್ತದಲ್ಲ," ಎಂದ.

ಅವಳು ನನ್ನ ಮುಂದಿನಿಂದಲೇ ಹಾದು ಒಳಗೆ ಹೋಗಿ ಎಲೆ ಹಾಕಿದಳು. ಅಳಲಿಲ್ಲ. ಅತ್ತಿದ್ದರೆ ಬೈಯುತ್ತಿದ್ದೆ.